ಗಮ್ ಹಾಕದ ಲ್ಯಾಬು

ಕೆಮಿಸ್ಟ್ರಿ ಮೇಷ್ಟ್ರು ಮುಟ್ಟಿದ್ದೇ ತಡ, ಅವರ ಹಳೇ ಲ್ಯಾಬು ಬುಡಸಮೇತ ಕೈಗೆ ಬಂತು. ಕಾಲೇಜಿನ ಮುಂದಿನ ಮೂವತ್ತು ವರ್ಷಗಳ ಮಾಸ್ಟರ್ ಪ್ಲಾನು ಥರ್ಮಾಕೋಲಿನ ಮಾದರಿಯಾಗಿ ಮೇಜಿನ ತುಂಬ ಹರಡಿತ್ತು; ಉಳಿದ ಕಟ್ಟಡಗಳೆಲ್ಲ ಗಟ್ಟಿಯಾಗಿ ಅಂಟಿಕೊಂಡಿದ್ದವು. ಸಭೆಯಲ್ಲಿದ್ದವರೆಲ್ಲ ಮೇಷ್ಟ್ರ ಮುಖ ನೋಡಿದರು. ಆ ಲ್ಯಾಬು ಕೆಡವುವ ಮಾತೆತ್ತಿದವರನ್ನೆಲ್ಲ ಮೇಷ್ಟ್ರು ಹಿಗ್ಗಾಮುಗ್ಗಾ ಬೈದಿದ್ದರು.

“ಇದೊಂದಕ್ಕೆ ಗಮ್ ಹಾಕಿಲ್ಲವಲ್ಲಮ್ಮ?”

“ಅಲ್ಲಿ ಲೈಬ್ರರಿ ಬರಬೇಕು ಸರ್. ನಿಮ್ಮೆದುರು ಹೇಳೋಕೆ ಬಾಯೇ ಬರಲಿಲ್ಲ,” ಎಂದಳು ಪ್ಲಾನು ಮಾಡಿದ ಅವರ ಹಳೇ ವಿದ್ಯಾರ್ಥಿನಿ.

ಮೇಷ್ಟ್ರು ಲ್ಯಾಬನ್ನು ಅಂಗೈಯಲ್ಲಿ ತಿರುಗಿಸಿ ನೋಡಿದರು. “ಸೋರೋ ಮೂಲೇನ ತೋರಿಸೇ ಇಲ್ಲ ನೀನು,” ಎಂದು ಅದನ್ನು ಜೇಬಿಗಿಳಿಸಿದರು. ಅವಳ ಚೀಲದಿಂದ ಇಣುಕುತ್ತಿದ್ದ ಪುಟ್ಟ ಲೈಬ್ರರಿಯನ್ನು ತಾವೇ ಎತ್ತಿಕೊಂಡು ಕೈ ಚಾಚಿದರು.

“ಗಮ್ ಕೊಡು. ಇದಕ್ಕೆ ನಾನೇ ಹಾಕ್ತೀನಿ.”