ಇದ್ದದ್ದು ಇದ್ದ ಹಾಗೆ

ಮಗಳ ಕೊಲೆಯ ಕತೆ ಆ ಸಂಜೆ ಟಿವಿಯ ಕ್ರೈಮ್ ಧಾರಾವಾಹಿಯಲ್ಲಿ ಬರುವುದಿತ್ತು. ವಠಾರದವರೆಲ್ಲ ತಾಯಿಯ ಮನೆಗೇ ಬಂದು ಕೂತರು. ಅವಳು ಎಲ್ಲರಿಗೂ ಕಾಫಿ ಕೊಟ್ಟಳು.

ಪರದೆಯ ಮೇಲೆ ಅಳಿಯ ಒಳಗಿನಿಂದ ಚಿಲಕ ಹಾಕಿಕೊಂಡ. ಮಗಳು ಚೀರಿದಳು.

"ಅವಳ ಹಸಿರು ಸೀರೆನೇ ಉಡ್ಸಿದಾರೆ ನೋಡಿ ಅಕ್ಕ," ಎಂದು ಎದುರುಮನೆಯಾಕೆ ಕಣ್ಣೊರೆಸಿಕೊಂಡಳು. "ನಮ್ಮನ್ನೆಲ್ಲ ಕೇಳ್ಕೊಂಡು ಹೋಗಿ, ಇದ್ದದ್ದು ಇದ್ದ ಹಾಗೇ ತೆಗ್ದಿದಾರೆ."

ತಾಯಿಯ ಪಾತ್ರದವಳು ಓಡಿಬಂದು ಎದುರುಮನೆಯ ಬಾಗಿಲು ಬಡಿದಳು. ಬಾಗಿಲು ತಟ್ಟನೆ ತೆರೆಯಿತು. ಗಂಡ ಹೆಂಡತಿ ಇಬ್ಬರೂ ದೊಣ್ಣೆ ಹಿಡಿದು ಹೊರಗೆ ಧಾವಿಸಿದರು. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

"ಎಲ್ಲಾ ಹಂಗೇ ಇದೆ, ಅಲ್ವಾ ಅಕ್ಕ?"

ತಾಯಿ ಆಕೆಯ ಖಾಲಿ ಲೋಟ ಎತ್ತಿಕೊಂಡಳು. "ಹೂಂ ಕಣಮ್ಮ. ನೀವು ಬಾಗ್ಲು ತೆಗ್ದಿದ್ದೊಂದು ಬಿಟ್ಟು."