ನಾಲ್ಕು ಪಟ್ಟೆ

ಡೈರಿಗೆ ಹಾಲು ಹಾಕಿ ಬರುತ್ತಿದ್ದ ಚಿನ್ನಮ್ಮ ಖಾಲಿ ಕ್ಯಾನನ್ನು ಬದುವಿನ ಮೇಲೆ ಬಿಸಾಕಿ ಓಡಿದಳು. ಅಷ್ಟರಲ್ಲಾಗಲೇ ಅವಳ ಹುಲ್ಲುಹೊಲದಲ್ಲಿ ಮೈದುನ ಅಶ್ವಥನ ಟ್ರ್ಯಾಕ್ಟರು ನಾಲ್ಕು ಪಟ್ಟೆ ಉತ್ತು ಮುಗಿಸಿತ್ತು. ಹನ್ನೆರಡು ವರ್ಷದಿಂದ ನೇಗಿಲು ಕಾಣದ ನೆಲ. ಐದನೆಯ ಪಟ್ಟೆಗೆ ತಿರುಗುತ್ತಿದ್ದ ಟ್ರ್ಯಾಕ್ಟರಿಗೆ ಅಡ್ಡ ಹೋಗಿ ನಿಂತಳು. ಅಶ್ವಥ ಬ್ರೇಕು ಒತ್ತಿದ. ಒತ್ತದೆ ಏನು ಮಾಡುತ್ತಾನೆ, ಅವಳು ಕದಲುವ ಹೆಂಗಸಲ್ಲ.

“ಇಳಿಯೋ ಕೆಳಕ್ಕೆ!” ಎಂದವಳೇ ಕೀ ಕಿತ್ತುಕೊಂಡಳು.

“ಅತ್ತಿಗೆ, ಅಣ್ಣನ್ನ ಕೇಳ್ಬುಟ್ಟೇ ಬಂದಿವ್ನಿ. ನಿನ್ನೆ ಫೋನ್ ಮಾಡಿದ್ದೆ. ಹೊಡ್ಕೊ ಹೋಗ್ಲಾ ಅಂದ.”

“ನಿಮ್ಮಣ್ಣ ಹಾರೋಹಳ್ಳಿ ಫ್ಯಾಕ್ಟ್ರೀಲಿ ಬೋಲ್ಟು ತಿರುವ್ತಾ ಕುಂತವ್ನೆ. ಹಸ ಹಿಂಡೋಳು ನಾನು. ನನ್ನ ಕೇಳಿದ್ಯಾ?”

ಕೇಳಿರಲಿಲ್ಲ. ಮೂರು ಹಸುಗಳ ಮೇವೆಲ್ಲ ಆ ಒಂದೆಕರೆಯದ್ದೇ ಎಂಬುದು ಗೊತ್ತಿದ್ದೂ ಅವಳನ್ನು ಕೇಳಬೇಕೆಂದು ಅಣ್ಣನಿಗೂ ತೋಚಲಿಲ್ಲ, ತಮ್ಮನಿಗೂ ತೋಚಲಿಲ್ಲ. ಅಶ್ವಥ ಕೆಟ್ಟವನೇನಲ್ಲ. ಅತ್ತಿಗೆಗೆ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡೇ ಬಂದಿದ್ದ. ಅದೇ ಅವಳಿಗೆ ಇನ್ನಷ್ಟು ಉರಿ.

ಮರಳವಾಡಿಯ ಆ ಎರಡೆಕರೆ ಹುಲ್ಲುನೆಲ ಅಣ್ಣತಮ್ಮಂದಿರಿಗೆ ಅರ್ಧರ್ಧ ಬಂದಿತ್ತು. ಹೋದ ವರ್ಷ ಮುಂಗಾರಿಗೆ ಮುಂಚೆ ಅಶ್ವಥ ತನ್ನ ಅರ್ಧಕ್ಕೆ ರೋಟವೇಟರ್ ಹೊಡೆದು, ಬೇರು ಮಣ್ಣು ಎಲ್ಲ ಪುಡಿ ಮಾಡಿ, ಹೊಸ ಹುಲ್ಲಿನ ಬೀಜ ಚೆಲ್ಲಿದ. ಮಳೆ ಬಿದ್ದದ್ದೇ ತಡ, ಹುಲ್ಲು ಎದೆಮಟ್ಟ ಎದ್ದಿತು. ಕಡುಹಸುರು! ಬದುವಿನ ಈಚೆ ಚಿನ್ನಮ್ಮನ ಹುಲ್ಲು ಮೊಣಕಾಲು ದಾಟಲಿಲ್ಲ. ಅಶ್ವಥ ಹುಲ್ಲಿನ ನಡುವೆ ನಿಂತು, ಮೀಸೆ ತಿರುವಿ, ಫೋಟೊ ತೆಗೆಸಿ ಸ್ಟೇಟಸ್ ಹಾಕಿದ. ಅದನ್ನು ನೋಡಿ ಊರಿನಲ್ಲಿ ಇನ್ನೂ ಏಳು ಜನ ತಮ್ಮ ಹುಲ್ಲುನೆಲ ಉತ್ತರು. ಡೈರಿಯ ಮುಂದೆ ಚಿನ್ನಮ್ಮನನ್ನು ಕಂಡರೆ ಸಾಕು, ‘ಸೋಂಬೇರಿ ಹೊಲದಮ್ಮ ಬಂದ್ಲು’ ಎಂದು ನಗುತ್ತಿದ್ದರು. ಈ ವರ್ಷ ಮೊದಲ ಮಳೆಗೆ ಅಶ್ವಥನ ಹೊಲದಲ್ಲಿ ಬಂದದ್ದು ಗೇಣುದ್ದದ ಹುಲ್ಲು. ಅದೂ ಕಾಮಾಲೆ ಹಿಡಿದವರ ಹಾಗೆ ಹಳದಿ.

“ನಂದು ಬೀಜ ಕೈಕೊಡ್ತು ಅತ್ತಿಗೆ. ಈ ಸಲ ಒಳ್ಳೆ ಬೀಜ ತಂದಿವ್ನಿ, ನಿಮಗೂ ಹಾಕ್ತೀನಿ. ಹೋದ ವರ್ಷ ಹೆಂಗಿತ್ತು ಒಸಿ ನೋಡಿ ನೀವೇ.” ಅಶ್ವಥ ಜೇಬಿನಿಂದ ಫೋನು ತೆಗೆದು ಅದೇ ಫೋಟೊ ಹಿಡಿದ.

“ಆ ಫೋಟೊನೇ ಮೇಯ್ಸೋಗು ನಿನ್ನ ಹಸುಗೆ!”

ಅವಳು ಬಗ್ಗಿ, ಆಗಷ್ಟೇ ಉತ್ತ ಪಟ್ಟೆಯಿಂದ ಒಂದು ಹೆಂಟೆ ಎತ್ತಿದಳು. ಕಪ್ಪು ಮಣ್ಣು, ಒಳಗೆಲ್ಲ ಬೇರಿನ ಬಲೆ, ಅರ್ಧಕ್ಕೆ ತುಂಡಾದ ಎರೆಹುಳು ಒಂದು ಇನ್ನೂ ಒದ್ದಾಡುತ್ತಿತ್ತು. ಬದು ದಾಟಿ ಅವನ ಹೊಲದಿಂದ ಇನ್ನೊಂದು ಹಿಡಿ ತಂದಳು. ಅದು ಬೆರಳ ಸಂದಿನಲ್ಲೇ ದೂಳಾಗಿ ಸೋರಿತು.

“ನಮ್ಮತ್ತೆ ಬೋರಮ್ಮ ವರ್ಷಾ ವರ್ಷ ಕುರಿ ಮಂದೆ ನಿಲ್ಸಿ ಕೂಡಿಟ್ಟ ಸಾರ ಕಣೋ ಇದು. ಬೇರಲ್ಲಿ ಬಚ್ಚಿಟ್ಕೊಂಡು ಒಸಿ ಒಸೀನೇ ಕೊಡ್ತದೆ ನೆಲ. ನೀನು ಅದರ ಹೊಟ್ಟೆ ಬಗೆದೆ. ಎಲ್ಲಾನೂ ಒಂದೇ ಸಲಕ್ಕೆ ಕಕ್ಬುಡ್ತು. ನಿನ್ನ ಹುಲ್ಲು ತಿಂದಿದ್ದು ತಿಂತು, ಮಿಕ್ಕಿದ್ದು ಎಲ್ಲೋಯ್ತು ಗೊತ್ತಾ? ಅಗೋ, ಅಲ್ಲಿ!”

ಅವನ ಹೊಲದ ತಗ್ಗಿನಲ್ಲಿದ್ದ ನೀರಿನ ಕುಂಟೆಯತ್ತ ಕೈ ತೋರಿಸಿದಳು. ಹೋದ ಮಳೆಗಾಲದಿಂದ ಆ ನೀರಿನ ಮೇಲೆ ಕಂಬಳಿಯಷ್ಟು ದಪ್ಪ ಪಾಚಿ. ಹಸುಗಳು ಮೂಸಿ ಮುಖ ತಿರುಗಿಸುತ್ತಿದ್ದವು.

“ಮಣ್ಣು ಟೆಸ್ಟಿನ ಚೀಟಿ ಬಂತಲ್ಲ. ನಿನ್ನ ಹೊಲದಲ್ಲಿ ಸಾರಜನಕ ಕಮ್ಮಿ ಅಂತ ಬರೆದಿರ್ನಿಲ್ವಾ?”

“ಅದಕ್ಕೇನು, ಯೂರಿಯಾ ಹಾಕುದ್ರಾಯ್ತು…” ಅಶ್ವಥನ ದನಿ ಇಳಿದಿತ್ತು.

“ಮನೇಲಿದ್ದದ್ನ ಬೀದಿಗೆ ಚೆಲ್ಲಿ ಅಂಗ್ಡಿ ಮುಂದೆ ಹೋಗಿ ನಿಂತ್ಕೊ. ಥೂ, ನಿನ್ನ ಬುದ್ಧಿಗಿಷ್ಟು!” ಕೀಯನ್ನು ಅವನ ಕಾಲ ಬುಡಕ್ಕೆ ಎಸೆದಳು. “ಎತ್ಕೊಂಡು ನಡಿ. ಸಂಜೆ ನಿಮ್ಮಣ್ಣ ಬರ್ಲಿ, ಅವನಿಗೂ ಐತೆ.”

ಅಶ್ವಥ ರೋಟವೇಟರ್ ಮೇಲೆತ್ತಿ ಟ್ರ್ಯಾಕ್ಟರನ್ನು ಬದುವಿನ ತನಕ ಹಿಂದಕ್ಕೆ ತಂದ. ಹೋಗುವ ಮುಂಚೆ ಉತ್ತ ಕಡೆಗೊಮ್ಮೆ ನೋಡಿದ. ಹುಲ್ಲಿನ ನಡುವೆ ಆ ನಾಲ್ಕು ಪಟ್ಟೆಗಳು ಬರೆ ಎಳೆದ ಹಾಗೆ ಬಿದ್ದಿದ್ದವು. ಕನಕಪುರದ ದಿಕ್ಕಿನಿಂದ ಮೋಡ ಏರುತ್ತಿತ್ತು.

“ತಪ್ಪಾಯ್ತು ಅತ್ತಿಗೆ. ಇವಕ್ಕೀಗ ಏನ್ ಮಾಡ್ಲಿ?”

“ಏನೂ ಮಾಡ್ಬೇಡ.” ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ. “ಮಳೆ ಬಂದು ಒಂದು ತಿಂಗಳಿಗೆ ನನ್ನ ಹೊಲದಲ್ಲೆಲ್ಲ ಈ ನಾಲ್ಕು ಪಟ್ಟೆನೇ ಹಸುರಾಗಿ ಎದ್ದು ಕಾಣ್ತವೆ. ಊರೋರೆಲ್ಲ ‘ನೋಡ್ದಾ, ಅಶ್ವಥ ಉತ್ತಿದ್ದೇ ಸರಿ’ ಅಂತಾರೆ. ಆವಾಗೇನಾದ್ರೂ ಫೋಟೊ ತೆಗಿಯಾಕೆ ಬಂದ್ಯೋ, ಕಾಲು ಮುರ್ದಾಕ್ತೀನಿ.”