ಬಾಗಿಲಿಗೆ ಕಟ್ಟಿದ ಬೇವು

ಕೋಟೆ ಬಿದ್ದ ಮರುದಿನ ಗೆದ್ದ ದಂಡು ಊರಿಗೆ ನುಗ್ಗಿ ಹರೆಯದ ಹುಡುಗಿಯರನ್ನು ಎಳೆದೊಯ್ಯತೊಡಗಿತು. ಬಾಳವ್ವ ಸಿಡುಬಿನ ಮನೆಯ ಗುರುತಿಗೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದಳು. ಮಗಳ ಮುಖಕ್ಕೆ ಅರಿಶಿನ ಬಳಿದು ಮಲಗಿಸಿದಳು.

“ಯವ್ವಾ, ನನಗೇನೂ ಆಗಿಲ್ಲಲ್ಲ?”

“ಸುಮ್ನ ನರಳು. ಅಮ್ಮ ಬಂದಾಳಂದ್ರ ದಂಡಿನವರೂ ಹೊಸ್ತಿಲ ದಾಟಂಗಿಲ್ಲ.”

ಕುದುರೆಗಳು ಅಂಗಳದಲ್ಲಿ ನಿಂತವು. ಒಬ್ಬ ಸವಾರ ಇಳಿದು ಬಂದ.

“ಒಳಗ ಯಾರದಾರ?”

“ಬರಬ್ಯಾಡ್ರಿ ಯಪ್ಪಾ, ಮಗಳಿಗೆ ಅಮ್ಮ ಬಂದಾಳ!” ಬಾಳವ್ವ ಬಾಗಿಲಿಗೆ ಅಡ್ಡ ನಿಂತಳು.

ಸವಾರ ಬೇವಿನ ಸೊಪ್ಪು ನೋಡಿ ಹೊಸ್ತಿಲಾಚೆಗೇ ನಿಂತ.

“ಖರೇನ?”

“ದೇವರಾಣಿಗೂ ಖರೇರಿ.”

“ಚಲೋ ಆತು. ಮುಂಜಾನಿಂದ ಇಂಥಾ ಮನೀನ ಹುಡುಕಾಕತ್ತಿದ್ವಿ,” ಎಂದು ಅವನು ಹಿಂದಕ್ಕೆ ತಿರುಗಿ ಕೈ ಬೀಸಿದ.

ಮುಖದ ತುಂಬ ಹಳೆಯ ಸಿಡುಬಿನ ಕಲೆಗಳಿದ್ದ ಇಬ್ಬರು, ಮೈತುಂಬ ಗುಳ್ಳೆ ಎದ್ದಿದ್ದ ಸಿಪಾಯಿಯೊಬ್ಬನನ್ನು ಹೊತ್ತು ತಂದು ಮಗಳ ಪಕ್ಕದಲ್ಲಿ ಮಲಗಿಸಿದರು.